ಸಾವಿರದಿನ್ನೂರು ಕ್ಯಾಸೆಟ್ಟು, ಒಂದು ಪುಟ್ಟ ಡಬ್ಬಿ!

ಹಾಡು ಎಂದರೇನು ಸ್ವಾಮಿ?

ಈ ಪ್ರಶ್ನೆಯನ್ನು ಈಗ ಯಾರಾದರೂ ನನ್ನ ಮುಂದೆ ಇಟ್ಟರೆ ನಾನು ಕೊಡೋ ಉತ್ತರ ಒಂದೇ: "ನಿಮಿಷಕ್ಕೆ ಹತ್ತು ಎಂ.ಬಿ.!" ಕೇಳಿದವರು ಮುಖ ಸಿಂಡರಿಸುತ್ತಾರೆ. ಪಿ.ಬಿ. ಶ್ರೀನಿವಾಸ್ ಅವರ ಜೇನಿನಂಥ ದನಿ, ಜಾನಕಿಯಮ್ಮನವರ ಕೊರಳಿನ ಕುಣಿತ, ರಾಜನ್-ನಾಗೇಂದ್ರ ಜೋಡಿಯ ಆ ಸವಿ... ಇವನ್ನೆಲ್ಲ ಸೇರು ಪಾವಿನಲ್ಲಿ ಅಳೆಯೋದೇ? ರಸಿಕತನ ಅನ್ನೋದು ನಿನಗೆ ಇದೆಯೇನಯ್ಯಾ, ಅನ್ನುತ್ತಾರೆ. ಇದೆ ಸ್ವಾಮಿ. ಇರೋದರಿಂದಲೇ ಅಳೆಯೋಕೆ ಕೂತದ್ದು.

ವಿಷಯ ಇಷ್ಟು. ತಿಪಟೂರಿನಲ್ಲಿ ನನ್ನ ಸೋದರಮಾವ ಒಂದು ಕಾಲದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಈಗಿನ ಹುಡುಗರಿಗೆ ಆ ವ್ಯಾಪಾರ ಹೇಳಿದರೆ ನಗು ಬರುತ್ತೆ. ಬೇಕಾದ ಹಾಡುಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಜೊತೆಗೊಂದು ಖಾಲಿ ಕ್ಯಾಸೆಟ್ಟು. ಮರುದಿನ ಸಂಜೆ ಬಂದರೆ ಹದಿನಾಲ್ಕು ಹಾಡು ತುಂಬಿಸಿ ರೆಡಿ! 1987ರಲ್ಲಿ 'ಪ್ರೇಮಲೋಕ' ಬಂದಾಗ ಅಂಗಡಿ ಮುಂದೆ ಥಿಯೇಟರಿನ ಹಾಗೆ ಸಾಲು ನಿಂತಿತ್ತಂತೆ. ಮಾವ ಇವತ್ತಿಗೂ ಹಂಸಲೇಖ ಹೆಸರು ಹೇಳಿದರೆ ಎದ್ದು ನಿಲ್ಲುತ್ತಾರೆ, ಆ ವರ್ಷದ ದೀಪಾವಳಿಯಲ್ಲಿ ಅತ್ತೆಗೆ ಬಳೆ ಮಾಡಿಸಿದ್ದು ಆ ಲಾಭದಲ್ಲೇ.

ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯ್ತು. ಈಚೆಗೆ ಮನೆ ರಿಪೇರಿಗೆ ಎಂದು ಅಟ್ಟ ಖಾಲಿ ಮಾಡುವಾಗ ನಾಲ್ಕು ಟ್ರಂಕು ಕೆಳಗಿಳಿದವು. ಒಳಗೆ ಸಾವಿರದಿನ್ನೂರು ಕ್ಯಾಸೆಟ್ಟು! ಪಿ.ಯು.ಸಿ. ಎರಡನೇ ವರ್ಷಕ್ಕೇ ಕಾಲೇಜಿಗೆ ಕೈಮುಗಿದು, ಸಿನಿಮಾದವರ ಹಿಂದೆ ರೆಕಾರ್ಡರ್ ಹಿಡಿದು ಅಲೆಯುತ್ತಾ ಹೊಟ್ಟೆ ಹೊರೆಯುವ ಅಳಿಯ ಒಬ್ಬ ಇದ್ದಾನಲ್ಲ, ಅವನ ತಲೆಗೇ ಬಂತು.

"ಇದನ್ನೆಲ್ಲಾ ಕಂಪ್ಯೂಟರಿಗೆ ಹಾಕಿಬಿಡು ಕಣೋ" ಅಂದರು ಮಾವ, ಹಾಲು ಕಾಯಿಸಿಬಿಡು ಅಂದಷ್ಟು ಸಲೀಸಾಗಿ.

ಹಾಕಬಹುದು. ಹಾಕಿದ್ದನ್ನು ಎಲ್ಲಿಡೋದು? ಅದೇ ಈ ಬರಹ.

ನಗು ಇದೆಯಾ ಅದರಲ್ಲಿ?

ಹಾಡು ಫೋನಿನಲ್ಲೇ ಬರುತ್ತಲ್ಲ, ಇದೆಲ್ಲಾ ಯಾಕೆ ಬೇಕು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಒಂದು ಸಂಗತಿ ಹೇಳಬೇಕು.

ಎರಡು ವರ್ಷದ ಹಿಂದೆ ಹಿರಿಯ ಪಿಟೀಲು ವಾದಕರೊಬ್ಬರನ್ನು ಮಾತಾಡಿಸಿದ್ದೆ. ಹೆಸರು ಬೇಡ, ಮನೆಯವರಿಗೆ ಇಷ್ಟವಿಲ್ಲ. ಕನ್ನಡ ಚಿತ್ರಗೀತೆಗಳು ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದವರು. ಗಾಯಕರು, ಪಿಟೀಲಿನವರು, ಕೊಳಲು, ತಬಲ, ಎಲ್ಲರೂ ಒಂದೇ ಹೊತ್ತಿಗೆ ಮೈಕಿನ ಮುಂದೆ! ಇಪ್ಪತ್ತನೆಯವನು ಒಂದು ಸ್ವರ ತಪ್ಪಿದರೆ ಮೊದಲನೆಯವನಿಂದ ತಿರುಗಿ ಶುರು. ಆ ದಿನಗಳ ಕಥೆಯನ್ನು ಅವರು ಮೂರು ಮಧ್ಯಾಹ್ನ ಹೇಳಿದರು. ಮಾತುಕತೆ ಏರ್ಪಡಿಸಿದ್ದ ಒಂದು ಸಂಸ್ಥೆ ಬೆಂಗಳೂರಿನ ಚಿಕ್ಕ ಸ್ಟುಡಿಯೋದಲ್ಲಿ ಅದನ್ನು ರೆಕಾರ್ಡ್ ಮಾಡಿಸಿತು. ಮೊದಲ ದಿನದ್ದನ್ನು ನಾನು ಅಲ್ಲೇ ಹಟ ಹಿಡಿದು ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಉಳಿದೆರಡು? "ಎಲ್ಲಾ ಮುಗಿಸಿ ಒಟ್ಟಿಗೇ ಕೊಡ್ತೀವಿ ಸಾರ್" ಅಂದರು.

ನಾಲ್ಕು ತಿಂಗಳಿಗೆ ಆ ಹಿರಿಯರು ಹೋದರು. ಅದಾದ ಮೂರನೇ ವಾರಕ್ಕೆ ಸ್ಟುಡಿಯೋದ ಡಿಸ್ಕೂ ಹೋಯಿತು! ಕಟ್... ಕಟ್... ಕಟ್... ಅಂತ ಒಂದೇ ಸಮನೆ ಸದ್ದು, ಗೀರು ಬಿದ್ದ ರೆಕಾರ್ಡಿನ ಮೇಲೆ ಮುಳ್ಳು ಸಿಕ್ಕಿಕೊಂಡ ಹಾಗೆ. ರಿಪೇರಿಯವರು ಬಿಚ್ಚಿ ನೋಡಿ, ತಟ್ಟೆಯ ಮೈಯೇ ಕೆರೆದುಹೋಗಿದೆ ಎಂದರು. ಇನ್ನೊಂದು ಪ್ರತಿ ಇರಲಿಲ್ಲ. ಮೂರನೇ ದಿನ ಅವರು, ಬಿಲ್ಲು ಹಿಡಿದ ಕೈ ನಡುಗುತ್ತಿದ್ದರೂ, ಒಂದು ಹಾಡಿನ ನಡುವಣ ವಾದ್ಯಭಾಗವನ್ನು ತಾವೊಬ್ಬರೇ ನುಡಿಸಿ ತೋರಿಸಿದ್ದರು. ಅದು ಈಗ ಲೋಕದಲ್ಲಿ ಇಲ್ಲ.

ತಿಥಿ ಕಳೆದು ಒಂದು ದಿನ ಅವರ ಮಗಳು ಫೋನ್ ಮಾಡಿದರು. ಕೇಳಿದ್ದು ಒಂದೇ ಮಾತು.

"ಅಪ್ಪ ನಗೋದು ಇದೆಯಾ ಅದರಲ್ಲಿ?"

ಇತ್ತು. ಮೊದಲ ದಿನದ ಫೈಲಿನಲ್ಲಿ, 31ನೇ ನಿಮಿಷದಲ್ಲಿ, ಇಡ್ಲಿ ತಿನ್ನಲು ಹೋದ ಡೋಲಕ್ಕಿನವನಿಗಾಗಿ ಇಡೀ ವಾದ್ಯವೃಂದ ಕಾದ ಕಥೆ ಹೇಳಿ ಅವರು ಗಟ್ಟಿಯಾಗಿ ನಗುತ್ತಾರೆ. 52 ನಿಮಿಷದ ಫೈಲು. ತೂಕ 300 ಎಂ.ಬಿ. ಕಳಿಸಿಕೊಟ್ಟೆ.

ಇಂಥ ಮಾತುಕತೆಗಳೇ ನನ್ನ ಬಳಿ ಸುಮಾರು 400 ಗಂಟೆ ಇವೆ. ಲೈಟ್‌ಬಾಯ್‌ಗಳು, ಮೇಕಪ್‌ನವರು, ಕೋರಸ್ ಹಾಡಿದ ಹೆಣ್ಣುಮಕ್ಕಳು... ಅಣ್ಣಾವ್ರ ಹಾಡು ಕಳೆದುಹೋದರೆ ನಾಡಿನಲ್ಲಿ ಇನ್ನು ಲಕ್ಷ ಕಡೆ ಸಿಗುತ್ತೆ. ಇವರ ಮಾತು ಕಳೆದುಹೋದರೆ? ಡಿಸ್ಕು ಕೊಳ್ಳೋಕೆ ಹೊರಟವನು ಮೊದಲು ಮಾಡಬೇಕಾದ ಕೆಲಸ ಇದು ಅಂತ ನನಗೆ ಆಗಲೇ ಅನ್ನಿಸಿದ್ದು. ಅಂಗಡಿಗೆ ಓಡೋದಲ್ಲ, ಮತ್ತೆ ಸಿಗೋದು ಯಾವುದು, ಸಿಗದೇ ಇರೋದು ಯಾವುದು ಎಂದು ಎರಡು ರಾಶಿ ಮಾಡೋದು.

ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ

ಈಗ ಅಳತೆಗೆ ಬರೋಣ. ಪಿ.ಯು.ಸಿ. ಬಿಟ್ಟವನ ಲೆಕ್ಕ, ಆದರೂ ಸರಿಯಾಗಿದೆ, ಬೇಕಾದರೆ ನೀವೇ ಮಾಡಿ ನೋಡಿ.

ಸಿ.ಡಿ.ಯಲ್ಲಿರುವ ಹಾಡೆಂದರೆ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಬರೆದ ಅಂಕಿಗಳು. ಒಂದೊಂದು ಅಂಕಿಗೂ 16 ಬಿಟ್, ಎಡ ಬಲ ಎರಡು ಕಿವಿಗೆ ಬೇರೆ ಬೇರೆ. ಗುಣಿಸಿದರೆ ನಿಮಿಷಕ್ಕೆ ಹತ್ತು ಎಂ.ಬಿ.ಗಿಂತ ತುಸು ಹೆಚ್ಚು, ಗಂಟೆಗೆ 635 ಎಂ.ಬಿ. ಎಂಪಿ3 ಅನ್ನೋದು ಇದೇ ಹಾಡಿನಲ್ಲಿ ಕಿವಿಗೆ ಅಷ್ಟಾಗಿ ಕೇಳಿಸದ್ದನ್ನು ಕತ್ತರಿಸಿ ಎಸೆದು ಹತ್ತನೇ ಒಂದು ಭಾಗಕ್ಕೆ ಇಳಿಸುತ್ತೆ. ಎಸೆದದ್ದು ಎಸೆದದ್ದೇ, ಸೆನ್ಸಾರ್ ಆದ ರೀಲಿನ ಹಾಗೆ. ಫ್ಲ್ಯಾಕ್ ಅನ್ನೋದು ಇನ್ನೊಂದು ಜಾತಿ, 2001ರಲ್ಲಿ ಬಂತು. ಇದು ಏನನ್ನೂ ಎಸೆಯೋಲ್ಲ, ಸೀರೆ ಮಡಿಸಿಟ್ಟ ಹಾಗೆ ಮಡಿಸಿಡುತ್ತೆ. ಬಿಚ್ಚಿದರೆ ಒಂದು ನೂಲೂ ಕಡಿಮೆಯಿಲ್ಲ. ಜಾಗ ಮಾತ್ರ ಮೂಲದ ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಬೇಕು.

ಕ್ಯಾಸೆಟ್ಟಿಗೆ ಒಂದು ತಮಾಷೆ ಇದೆ. ಹಳೇ ಟೇಪಿನಲ್ಲಿ ಹಾಡಿನ ಹಿಂದೆ ಸದಾ 'ಸ್ಸ್‌ಸ್' ಅಂತ ಒಂದು ಸದ್ದು ಇರುತ್ತಲ್ಲ, ಒಗ್ಗರಣೆ ಹಾಕಿದ ಹಾಗೆ, ಆ ಸದ್ದು ಮಾತ್ರ ಫ್ಲ್ಯಾಕ್‌ಗೆ ಬಗ್ಗೋದೇ ಇಲ್ಲ. ಅದರಲ್ಲಿ ಲಯವಿಲ್ಲ, ಕ್ರಮವಿಲ್ಲ, ಮಡಿಸೋಕೆ ನೆರಿಗೆಯೇ ಸಿಗೋಲ್ಲ! ಅಂದರೆ ಹೊಳೆಯುವ ಹೊಸ ಸಿ.ಡಿ.ಗಿಂತ ಮಾವನ ಬೂಸಲು ಕ್ಯಾಸೆಟ್ಟೇ ಹೆಚ್ಚು ಜಾಗ ಕೇಳುತ್ತೆ.

ಕ್ಯಾಸೆಟ್ಟನ್ನು ಯಾವ ಮಟ್ಟದಲ್ಲಿ ಇಳಿಸೋದು ಅನ್ನೋದರಲ್ಲಿ ದೊಡ್ಡ ದೊಡ್ಡವರೇ ಜಗಳವಾಡುತ್ತಾರೆ. 24 ಬಿಟ್, 96 ಕಿಲೋಹರ್ಟ್ಸ್ ಇರಲೇಬೇಕು ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಗಂಟೆಗೆ ಎರಡು ಜಿ.ಬಿ. ದಾಟುತ್ತೆ. ತಿಪಟೂರಿನ ಅಂಗಡಿಯ ಡಬಲ್ ಡೆಕ್ಕಿನಲ್ಲಿ ನಕಲಾದ ಟೇಪಿಗೆ ಅದು ಎತ್ತಿನ ಗಾಡಿಗೆ ಏರೋಪ್ಲೇನ್ ಟಯರು ಹಾಕಿದ ಹಾಗೆ ಅಂತ ನನ್ನ ಅಭಿಪ್ರಾಯ. 24 ಬಿಟ್ ಇರಲಿ, ದನಿ ಏರಿಳಿದರೂ ತಡೆಯುತ್ತೆ. ವೇಗ 48 ಕಿಲೋಹರ್ಟ್ಸ್ ಸಾಕು.

ಒಟ್ಟು ಮಾಡಿದೆ. 1,200 ಗಂಟೆ ಕ್ಯಾಸೆಟ್ಟು ಫ್ಲ್ಯಾಕ್‌ನಲ್ಲಿ 780 ಜಿ.ಬಿ. ಸುಮಾರು. ನನ್ನ 600 ಸಿ.ಡಿ.ಗಳು 230. 'ಮುಂಗಾರು ಮಳೆ' ಕಾಲದಿಂದ ಕೂಡಿಟ್ಟ ಎಂಪಿ3ಗಳು ಹದಿನೆಂಟು ಸಾವಿರ ಹಾಡು, 90 ಜಿ.ಬಿ. ನನ್ನ 400 ಗಂಟೆ ಮಾತುಕತೆ? ಮಾತಿಗೆ ಎರಡು ಕಿವಿ ಬೇಡ, ಒಂದೇ ಸಾಕು. ಎಲ್ಲಾ ಸೇರಿ ಬರೀ 70 ಜಿ.ಬಿ.! ನೋಡಿ ವಿಚಿತ್ರ. ಯಾವುದು ಮತ್ತೆಂದೂ ಸಿಗೋದಿಲ್ಲವೋ ಅದೇ ಎಲ್ಲಕ್ಕಿಂತ ಹಗುರ. ಮೊತ್ತ 1,170 ಜಿ.ಬಿ. ಒಂದೂಕಾಲು ಟೆರಾಬೈಟ್ ಅನ್ನಿ.

ಹಾಗಾದರೆ ಎರಡು ಟಿ.ಬಿ. ಡಿಸ್ಕು ಸಾಕಲ್ಲ? ತಡೀರಿ. ಡಬ್ಬಿ ಮೇಲೆ ಬರೆದದ್ದೇ ಬೇರೆ, ಕಂಪ್ಯೂಟರ್ ತೋರಿಸೋದೇ ಬೇರೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸು 1,024ರ ಲೆಕ್ಕದಲ್ಲಿ. 2 ಟಿ.ಬಿ. ತಂದು ಹಾಕಿದರೆ 1.81 ಅಂತ ತೋರಿಸುತ್ತೆ. ಅಂಗಡಿಯವನು ಟೋಪಿ ಹಾಕಿದ ಅಂತ ಹೊಡೆದಾಟಕ್ಕೆ ಹೋಗಬೇಡಿ, ಅವನ ತಪ್ಪಿಲ್ಲ. ಆದರೆ ಸಂಗ್ರಹ ಬೆಳೆಯುತ್ತೆ, ಮಾತಾಡಿಸಬೇಕಾದವರು ಇನ್ನೂ ಇದ್ದಾರೆ. ನಾನು 4 ಟಿ.ಬಿ. ಅಂತ ನಿಶ್ಚಯಿಸಿದೆ.

ತಿರುಗೋ ತಟ್ಟೆಯೋ, ತಿರುಗದ ಬಿಲ್ಲೆಯೋ?

ಈಗ ಬಂತು ನೋಡಿ ಅಸಲೀ ಫೈಟಿಂಗ್! ಒಂದು ಕಡೆ ಹಳೇ ಹುಲಿ ಹಾರ್ಡ್ ಡಿಸ್ಕು, ಇನ್ನೊಂದು ಕಡೆ ಹೊಸ ಹೀರೋ ಎಸ್‌.ಎಸ್‌.ಡಿ.

ಹಾರ್ಡ್ ಡಿಸ್ಕು ಅಂದರೆ ಗ್ರಾಮಫೋನಿನ ಮೊಮ್ಮಗ. ಅಲ್ಲಿ 78 ಸುತ್ತು ನಿಮಿಷಕ್ಕೆ, ಇಲ್ಲಿ 5,400 ಅಥವಾ 7,200. ಅಲ್ಲಿ ಮುಳ್ಳು ರೆಕಾರ್ಡನ್ನು ಮುಟ್ಟುತ್ತೆ, ಇಲ್ಲಿ ಹೆಡ್ಡು ಮುಟ್ಟೋ ಹಾಗೇ ಇಲ್ಲ, ತಲೆಗೂದಲಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತಾ ಓಡುತ್ತೆ. ಮುಟ್ಟಿತೋ, ಕಟ್... ಕಟ್... ಕಟ್! ಇದರ ಮೂಲಪುರುಷ ಹುಟ್ಟಿದ್ದು 1956ರಲ್ಲಿ, ಐ.ಬಿ.ಎಂ. ಕಂಪನಿಯಲ್ಲಿ, ನಮ್ಮ 'ಬೇಡರ ಕಣ್ಣಪ್ಪ' ತೆರೆಕಂಡು ಎರಡು ವರ್ಷಕ್ಕೆ. 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದು, ಟನ್ನುಗಟ್ಟಲೆ ಭಾರದ ಯಂತ್ರ. ಅಷ್ಟು ದೊಡ್ಡ ರಾಕ್ಷಸನ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಎಷ್ಟು ಗೊತ್ತಾ? ಈಗಿನ ಲೆಕ್ಕದಲ್ಲಿ 3.75 ಎಂ.ಬಿ.! ನಾಲ್ಕು ನಿಮಿಷದ ಒಂದು ಎಂಪಿ3 ಹಾಡಿಗೂ ಜಾಗ ಸಾಲದು.

ಎಸ್‌.ಎಸ್‌.ಡಿ.ಯಲ್ಲಿ ತಿರುಗೋದು ಏನೂ ಇಲ್ಲ. ಸದ್ದಿಲ್ಲ, ಕೈಜಾರಿ ಬಿದ್ದರೂ ಸಾಮಾನ್ಯವಾಗಿ ಗಾಬರಿಯಿಲ್ಲ, ವೇಗವಂತೂ ಶಂಕರಣ್ಣನ ನಡಿಗೆ. ಹಾಗಾದರೆ ಅದೇ ತಗೊಳ್ಳಬಾರದೇ?

ಹಾಡು ಕೇಳೋಕೆ ಎಷ್ಟು ವೇಗ ಬೇಕು ಅಂತ ಯೋಚಿಸಿ. ಸಿ.ಡಿ. ಮಟ್ಟದ ಹಾಡಿಗೆ ಸೆಕೆಂಡಿಗೆ ಎಂ.ಬಿ.ಯ ಐದನೇ ಒಂದು ಭಾಗವೂ ಬೇಡ. ಸಾಧಾರಣ ಹಾರ್ಡ್ ಡಿಸ್ಕೇ ಸೆಕೆಂಡಿಗೆ ನೂರು ಎಂ.ಬಿ. ಸಲೀಸಾಗಿ ಕೊಡುತ್ತೆ. ಲಗ್ನಪತ್ರಿಕೆ ಹಂಚೋಕೆ ಹೆಲಿಕಾಪ್ಟರ್ ಬೇಕೇ? ಎಸ್‌.ಎಸ್‌.ಡಿ. ಉಪಕಾರಕ್ಕೆ ಬರೋದು ಹದಿನೆಂಟು ಸಾವಿರ ಹಾಡಿನಲ್ಲಿ ಒಂದನ್ನು ಹುಡುಕುವಾಗ, ಪಟ್ಟಿ ತಯಾರಾಗುವಾಗ, ಅಷ್ಟೇ. ಆ ಪಟ್ಟಿ ಕಂಪ್ಯೂಟರಿನ ಒಳಗಿನ ಎಸ್‌.ಎಸ್‌.ಡಿ.ಯಲ್ಲಿದ್ದರೆ ಸಾಕು, ಹಾಡುಗಳು ಹೊರಗಿನ ತಟ್ಟೆಯಲ್ಲೇ ಇರಲಿ. ಮೇಲಾಗಿ ಜಿ.ಬಿ.ಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಎಸ್‌.ಎಸ್‌.ಡಿ. ಬೆಲೆ ಹಲವು ಪಟ್ಟು ಹೆಚ್ಚು. ಇನ್ನೂ ಒಂದಿದೆ. ಅದು ಹಾಡನ್ನು ಹಿಡಿದಿಡೋದು ವಿದ್ಯುತ್ ಕಣಗಳ ರೂಪದಲ್ಲಿ. ಚೆನ್ನಾಗಿ ಸವೆದ ಎಸ್‌.ಎಸ್‌.ಡಿ.ಯನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಆ ಕಣಗಳು ಮೆಲ್ಲಗೆ ಸೋರಿಹೋಗೋ ಅಪಾಯವಿದೆ. ಬೀರುವಿನಲ್ಲಿ ಇಡೋಕೆಂದೇ ಕೊಳ್ಳುವವನಿಗೆ ಇದು ಹಿಡಿಸದ ಮಾತು.

ಸರಿ, ಹಾರ್ಡ್ ಡಿಸ್ಕೇ ಅಂತಾಯ್ತು. ಅದರಲ್ಲೂ ಎರಡು ಜಾತಿ! ಒಂದರಲ್ಲಿ ಗೀರುಗಳು ಉತ್ತ ಹೊಲದ ಸಾಲಿನ ಹಾಗೆ ಪಕ್ಕಪಕ್ಕ. ಇನ್ನೊಂದರಲ್ಲಿ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ. ಮೊದಲನೆಯದಕ್ಕೆ ಸಿ.ಎಂ.ಆರ್., ಎರಡನೆಯದಕ್ಕೆ ಎಸ್.ಎಂ.ಆರ್. ಅಂತಾರೆ. ಹೆಂಚಿನ ಜಾತಿಯಲ್ಲಿ ಅದೇ ಜಾಗಕ್ಕೆ ಹೆಚ್ಚು ಹಿಡಿಯುತ್ತೆ, ನಿಜ. ಆದರೆ ನಡುವಿನ ಒಂದು ಹೆಂಚು ಬದಲಾಯಿಸಬೇಕಾದರೆ ಮೇಲಿನ ಸಾಲನ್ನೂ ಎತ್ತಬೇಕಲ್ಲ? ಹಾಗೇ ಇದೂ. ಬರೆದದ್ದನ್ನು ಅಳಿಸಿ ತಿರುಗಿ ಬರೆಯೋಕೆ ಹೊರಟರೆ ಏದುಸಿರು ಬಿಡುತ್ತೆ. 2020ರಲ್ಲಿ ಕೆಲವು ತಯಾರಕರು ಹೆಂಚಿನ ಡಿಸ್ಕುಗಳನ್ನು ಆ ವಿಷಯ ಬಾಯಿಬಿಡದೆ ಮಾರಿದ್ದು ಬಯಲಾಗಿ ದೊಡ್ಡ ಗಲಾಟೆಯೇ ಆಯ್ತು. ಹಾಗಂತ ಹೆಂಚು ಕೆಟ್ಟದ್ದಲ್ಲ. ಒಂದು ಸಲ ತುಂಬಿಸಿ, ಆಮೇಲೆ ಬರೀ ಓದೋದಾದರೆ ಧಾರಾಳವಾಗಿ ನಡೆಯುತ್ತೆ. ದಿನಾ ತಿದ್ದೋ ಡಿಸ್ಕಿಗೆ ಸಿ.ಎಂ.ಆರ್., ಬೀರುವಿಗೆ ಹೋಗೋದಕ್ಕೆ ಯಾವುದಾದರೂ ಸರಿ.

ಸುತ್ತಿನ ವಿಚಾರ ಚುಟುಕಾಗಿ: 5,400 ಸಾಕು. ಸದ್ದು ಕಡಿಮೆ, ಬಿಸಿ ಕಡಿಮೆ. ರಾತ್ರಿ ಹನ್ನೊಂದಕ್ಕೆ ದನಿ ತಗ್ಗಿಸಿ ಹಳೇ ಹಾಡು ಕೇಳುವಾಗ ಪಕ್ಕದಲ್ಲಿ ರುಬ್ಬೋ ಕಲ್ಲು ಗುರುಗುಟ್ಟಿದರೆ ಹೇಗಿರುತ್ತೆ?

ಡೂಪ್ ಇಲ್ಲದ ಹೀರೋ

ಮಾವ ಇದನ್ನೆಲ್ಲಾ ಕೇಳಿ ತಲೆ ಕೆರೆದುಕೊಂಡು ಒಂದು ಪ್ರಶ್ನೆ ಹಾಕಿದರು. "ಲೋ, ನಮ್ಮ ಕಾಲದಲ್ಲಿ ಟೇಪು ಸಿಕ್ಕಿಹಾಕ್ಕೊಂಡ್ರೆ ಪೆನ್ಸಿಲ್ ತೂರಿಸಿ ಸುತ್ತುತಿದ್ವಿ. ನಿನ್ನ ಡಿಸ್ಕು ಸಿಕ್ಕಿಹಾಕ್ಕೊಂಡ್ರೆ ಏನು ತೂರಿಸ್ತೀಯೋ?"

ಏನನ್ನೂ ತೂರಿಸೋಕಾಗೋಲ್ಲ ಮಾವ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ಲಕ್ಷಗಟ್ಟಲೆ ಡಿಸ್ಕುಗಳನ್ನು ಹಗಲೂ ರಾತ್ರಿ ಓಡಿಸುತ್ತಾ, ಯಾವುದು ಯಾವಾಗ ಸತ್ತಿತು ಎಂದು ಲೆಕ್ಕ ಪ್ರಕಟಿಸುತ್ತೆ. 2023ರಲ್ಲಿ ನೂರಕ್ಕೆ 1.7. ಕಡಿಮೆಯೇ ಅಲ್ಲವೇ ಅನ್ನಿಸುತ್ತೆ. ಆ ನೂರರಲ್ಲಿ ಒಂದೂ ಮುಕ್ಕಾಲು ನಮ್ಮ ಮನೆಯದಾದರೆ? ಅದಕ್ಕೇ ಹೀರೋಗೆ ಡೂಪ್ ಇರಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. ರೇಡ್ ಅಂತ ಒಂದು ಏರ್ಪಾಡಿದೆ. ಎರಡು ಡಿಸ್ಕುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿ, ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯೋ ಹಾಗೆ ಮಾಡೋದು. ಡಬಲ್ ಆಕ್ಟಿಂಗ್! ಇದಿದ್ದರೆ ಭಯವೇ ಇಲ್ಲ ಅಂತ ಅನೇಕರು ನೆಮ್ಮದಿಯಾಗಿ ಮಲಗುತ್ತಾರೆ. ಆದರೆ ಅದು ಕನ್ನಡಿ ಸ್ವಾಮಿ. ನಿಮ್ಮ ಹಲ್ಲು ಬಿದ್ದರೆ ಕನ್ನಡಿಯಲ್ಲಿರುವವನ ಹಲ್ಲೂ ಬಿತ್ತು. ತಪ್ಪಿ ಒಂದು ಫೋಲ್ಡರ್ ಅಳಿಸಿದಿರೋ, ಎರಡರಲ್ಲೂ ಮಾಯ. ಒಂದು ಡಿಸ್ಕು ಕೆಟ್ಟಾಗ ಕೆಲಸ ನಿಲ್ಲದಿರಲಿ ಅನ್ನೋದಕ್ಕೆ ರೇಡ್ ಒಳ್ಳೆಯದು, ಡೂಪ್ ಅಲ್ಲ.

ಡೂಪ್ ಅಂದರೆ ಏನು ಅನ್ನೋದನ್ನು ಹಾಲಿವುಡ್ಡಿನವರು 1998ರಲ್ಲಿ ಕಲಿತರು. 'ಟಾಯ್ ಸ್ಟೋರಿ 2' ಚಿತ್ರ ಪಿಕ್ಸಾರ್ ಸ್ಟುಡಿಯೋದಲ್ಲಿ ತಯಾರಾಗುತ್ತಿತ್ತು. ಯಾರೋ ಒಂದು ಅಳಿಸುವ ಆಜ್ಞೆ ಒತ್ತಿದರು, ಒತ್ತಿದ್ದು ತಪ್ಪು ಜಾಗದಲ್ಲಿ. ಕಂಪ್ಯೂಟರ್ ಮುಂದೆ ಕೂತವರ ಕಣ್ಣೆದುರೇ ಕಥಾನಾಯಕ ವುಡಿಯ ಟೋಪಿ ಮಾಯವಾಯ್ತು, ಬೂಟು ಮಾಯವಾಯ್ತು, ಆಮೇಲೆ ವುಡಿಯೇ ಮಾಯ! ಗಾಬರಿಯಿಂದ ಪ್ರತಿ ತೆಗೆದಿಟ್ಟ ಟೇಪುಗಳಿಗೆ ಕೈಹಾಕಿದರೆ ಅವೂ ಸರಿಯಾಗಿರಲಿಲ್ಲ. ಕೊನೆಗೆ ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ಮಹಿಳೆ. ಬಾಣಂತಿಯಾಗಿದ್ದರಿಂದ ಮನೆಯಿಂದ ಕೆಲಸ ಮಾಡೋಕೆಂದು ಚಿತ್ರದ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ಕಾರಿನ ಸೀಟಿನಲ್ಲಿ ಕೂರಿಸಿ ಸ್ಟುಡಿಯೋಗೆ ತಂದರಂತೆ. (ಆಮೇಲೆ ಕಥೆಯನ್ನೇ ಬಹುಪಾಲು ಹೊಸದಾಗಿ ಬರೆದು ತೆಗೆದರು ಅನ್ನೋದು ಬೇರೆ ಮಾತು. ಸಿನಿಮಾದವರೇ ಹಾಗೆ!)

ಮನೆಯಲ್ಲೊಂದು ಪ್ರತಿ, ಬೇರೆ ಕಡೆ ಒಂದು ಪ್ರತಿ. ಇದಿಷ್ಟೇ. ಎಲ್ಲಾ ಇಂಟರ್ನೆಟ್ಟಿನಲ್ಲಿ ಹಾಕಿಬಿಡ್ತೀನಿ ಅನ್ನುವವರಿಗೂ ಒಂದು ಸುದ್ದಿ ಇದೆ. ಮೈಸ್ಪೇಸ್ ಎಂಬ ತಾಣ 2019ರಲ್ಲಿ, 2016ಕ್ಕೆ ಮುಂಚೆ ಜನ ಹಾಕಿದ್ದ ಹಾಡುಗಳು ಸ್ಥಳಾಂತರದಲ್ಲಿ ಹೋದವು ಎಂದು ಹೇಳಿತು. ಸುಮಾರು 5 ಕೋಟಿ ಹಾಡುಗಳು ಎಂದು ಪತ್ರಿಕೆಗಳು ಬರೆದವು. ಬೇರೆಯವರ ಮನೆಯಲ್ಲಿ ಇಡಿ, ಬೇಡ ಅನ್ನೋಲ್ಲ. ಆದರೆ ಅಲ್ಲಿ ಮಾತ್ರ ಇಡಬೇಡಿ. ನಮ್ಮ ಮೊದಲ ಮಾತಿನ ಚಿತ್ರ 1934ರ 'ಸತಿ ಸುಲೋಚನಾ'. ಅದರ ಪ್ರತಿ ಉಳಿದಿಲ್ಲ. ಒಬ್ಬ ಪುಣ್ಯಾತ್ಮ ಅಟ್ಟದ ಮೇಲೆ ಒಂದು ಪ್ರತಿ ಮರೆತಿದ್ದರೂ ಸಾಕಿತ್ತು ಅನ್ನಿಸುತ್ತೆ ನನಗೆ.

ನಾನು ಕೊಂಡದ್ದು ಹೀಗೆ. 4 ಟಿ.ಬಿ.ಯ ಎರಡು ದೊಡ್ಡ ಡಿಸ್ಕು, ಮೂರೂವರೆ ಇಂಚಿನವು, ಸಿ.ಎಂ.ಆರ್. ಒಂದು ಮೇಜಿನ ಮೇಲೆ ಕೆಲಸಕ್ಕೆ. ಇನ್ನೊಂದು ಬೀರುವಿನಲ್ಲಿ, ವಾರಕ್ಕೊಮ್ಮೆ ಹೊರತೆಗೆದು ಹೊಸದನ್ನು ನಕಲು ಮಾಡಿ ಒಳಗೆ ಇಡೋದು. ಮೂರನೆಯದು ಜೇಬಿನಲ್ಲಿ ಹಿಡಿಯೋ ಚಿಕ್ಕ ಡಿಸ್ಕು, ಹೆಂಚಿನ ಜಾತಿ. ಅದು ತಿಪಟೂರಿನಲ್ಲಿ ಮಾವನ ಮನೆಯಲ್ಲಿರುತ್ತೆ, ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ನನ್ನ ಜೊತೆ ಬೆಂಗಳೂರಿಗೆ ಬಂದು ಹೋಗುತ್ತೆ. ಬಸ್ಸಿನಲ್ಲಿ ಅದನ್ನು ಮೇಲಿನ ಕ್ಯಾರಿಯರಿನಲ್ಲಿ ಇಡೋಲ್ಲ, ತೊಡೆಯ ಮೇಲೆಯೇ. ಕಂಡಕ್ಟರು ಒಮ್ಮೆ "ಏನ್ ಗುರು, ಲಾಡುನಾ?" ಅಂದ. 70 ಜಿ.ಬಿ. ಮಾತುಕತೆಗೆ ಮಾತ್ರ ಇನ್ನೂ ಒಂದು ಪ್ರತಿ ಇಂಟರ್ನೆಟ್ಟಿನಲ್ಲಿ, ತಿಂಗಳ ಬಾಡಿಗೆಗೆ. ಎಲ್ಲವನ್ನೂ ಅಲ್ಲಿಡೋಕೆ ನನ್ನ ಸಂಪಾದನೆ ಸಾಲದು. ಇದಕ್ಕೆ ಸಾಲುತ್ತೆ.

ಡಿಸ್ಕು ತಂದ ದಿನವೇ ಹಾಡು ತುಂಬಬೇಡಿ. 2025ರ ಆರಂಭದಲ್ಲಿ, ಬಳಸಿ ಬಿಸಾಡಿದ ದೊಡ್ಡ ಡಿಸ್ಕುಗಳು ಹೊಸದೆಂದು ಮಾರಾಟವಾಗುತ್ತಿರುವುದನ್ನು ಜರ್ಮನಿಯ ಪತ್ರಿಕೆಯವರು ಬಯಲಿಗೆಳೆದರು. ಸೆಕೆಂಡ್ ಹ್ಯಾಂಡ್ ಬೈಕಿನ ಮೀಟರ್ ತಿರುಗಿಸೋ ಹಾಗೆ ಇಲ್ಲೂ ಓಡಿದ ಗಂಟೆಗಳನ್ನು ಸೊನ್ನೆ ಮಾಡಿದ್ದರು! ಡಿಸ್ಕಿಗೂ ಒಂದು ಜಾತಕ ಇರುತ್ತೆ, ಸ್ಮಾರ್ಟ್ ಅಂತ ಅದರ ಹೆಸರು, ಓದೋಕೆ ಬಿಟ್ಟಿ ಸಾಫ್ಟ್‌ವೇರ್ ಸಿಗುತ್ತೆ. ಅದರಲ್ಲಿ 5ನೇ ಮನೆ ಮತ್ತು 197ನೇ ಮನೆ ನೋಡಿ. ಕೆಟ್ಟ ಜಾಗಗಳ ಲೆಕ್ಕ ಅಲ್ಲಿರುತ್ತೆ. ಸೊನ್ನೆ ಇದ್ದರೆ ಸರಿ, ವಾರವಾರಕ್ಕೆ ಏರುತ್ತಿದ್ದರೆ ಬೇರೆ ಡಿಸ್ಕಿಗೆ ಹೆಣ್ಣು ನೋಡೋಕೆ ಹೊರಡಿ. ಒಂದು ಸಲ ಇಡೀ ಡಿಸ್ಕನ್ನು ಏನಾದರೂ ಬರೆದು ತುಂಬಿಸಿ, ಪೂರ್ತಿ ಓದಿಸಿ. 4 ಟಿ.ಬಿ.ಗೆ ಹಗಲಿಡೀ ಹಿಡಿಯುತ್ತೆ. ಹಿಡಿಯಲಿ ಬಿಡಿ.

ಕನ್ನಡದವರಿಗೇ ಮೀಸಲಾದ ತೊಂದರೆ ಒಂದಿದೆ, ಇದನ್ನು ಯಾರೂ ಹೇಳೋಲ್ಲ. ಫೈಲಿನ ಹೆಸರನ್ನು ಕನ್ನಡದಲ್ಲೇ ಬರೆಯೋದು ನನ್ನ ಹಟ. ಲಿನಕ್ಸ್ ಮೇಲೆ ಓಡೋ ಪೆಟ್ಟಿಗೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ನಮ್ಮದಕ್ಕೆ ಮೂರು! ಗುಣಿತದ ಚಿಹ್ನೆಗೆ ಬೇರೆ ಮೂರು, ಒತ್ತಿಗೆ ಇನ್ನೂ ಹೆಚ್ಚು. 'ಎಡಕಲ್ಲು ಗುಡ್ಡದ ಮೇಲೆ' ಅನ್ನೋ ಚಿತ್ರದ ಹೆಸರೊಂದೇ 53 ಬೈಟ್ ತಿನ್ನುತ್ತೆ. ಅದರ ಮುಂದೆ ಹಾಡಿನ ಪಲ್ಲವಿ, ಹಾಡಿದವರು, ಬರೆದವರು, ಸಂಗೀತ ಅಂತ ಜೋಡಿಸುತ್ತಾ ಹೋದರೆ ನಕಲು ಮಾಡುವಾಗ ನಡುವೆಯೇ ಮುಷ್ಕರ. ಅದಕ್ಕೇ ಫೈಲಿಗೆ ಚಿಕ್ಕ ಹೆಸರು ಇಟ್ಟು, ಉಳಿದ ಪ್ರವರವನ್ನೆಲ್ಲಾ ಫ್ಲ್ಯಾಕ್‌ನ ಒಳಗಿರುವ ಚೀಟಿಯಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆ ಫ್ಲ್ಯಾಕ್‌ನ ಹೊಟ್ಟೆಯಲ್ಲೇ ಮೂಲ ದನಿಯ ಬೆರಳಚ್ಚೂ ಇರುತ್ತೆ. ಎಷ್ಟು ವರ್ಷವಾದ ಮೇಲೂ ತಾಳೆ ನೋಡಿ, ಒಂದು ಬಿಟ್ ಕೆಟ್ಟಿದ್ದರೂ ಹಿಡಿದುಕೊಡುತ್ತೆ. ಎಂಪಿ3ಯಲ್ಲಿ ಈ ಅನುಕೂಲ ಇಲ್ಲ.

ಇಳಿಸೋ ಕೆಲಸ ನಡೆದಿದೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಬೇಕೇ ಬೇಕು, ಓಡಿಸೋಕಾಗೋಲ್ಲ. ದಿನಕ್ಕೆ ನಾಲ್ಕು ಮಾಡಿದರೂ ಒಟ್ಟು ಮುನ್ನೂರು ದಿನ. ಈ ವಾರ 441ನೆಯದು ಡೆಕ್ಕಿನಲ್ಲಿ ತಿರುಗುತ್ತಿದೆ. ಮೇಲೆ ಚೀಟಿ ಇಲ್ಲ. ಮೊದಲ ಮೂರು ಹಾಡು ಆದ ಮೇಲೆ ಅಂಗಡಿಯ ಸದ್ದು, ಯಾರೋ ಚಿಲ್ಲರೆ ಎಣಿಸೋದು, ಮಾವನ ಎಳೇ ದನಿ: "ನಾಳೆ ಬಾರಪ್ಪಾ, ಸೈಡ್ ಬಿ ಇನ್ನೂ ತುಂಬಿಲ್ಲ." ಇದನ್ನು ಯಾವ ಫೋಲ್ಡರಿಗೆ ಹಾಕೋದು ಅಂತ ಫೋನ್ ಮಾಡಿ ಕೇಳಿದೆ. ಎಲ್ಲಿ, ಇನ್ನೊಂದು ಸಲ ಹಾಕು ನೋಡೋಣ, ಅಂದರು.